ನಾಲ್ಕು ಗಂಟೆಯೊಳಗೆ ಕರೆಂಟು

ಆಫೀಸಿನಲ್ಲಿ ಚಹಾ ಮಾಡುವ ಚಂಪಾಬಾಯಿ ರೊಟ್ಟಿಗೆ ನೆಂಚಿಕೊಳ್ಳಲು ಶೇಂಗಾ ಹಿಂಡಿ ಮಾಡಲೆಂದು ಮಿಕ್ಸರಿನ ಗುಂಡಿ ತಿರುಗಿಸಿದಳು. ಮಿಕ್ಸರು ಒಮ್ಮೆ ‘ಗುರ್’ ಎಂದಿತು, ಇನ್ನೊಮ್ಮೆ ‘ಗೊರ್’ ಎಂದಿತು, ಆಮೇಲೆ ಕೆಮ್ಮಿದ ಹಾಗೆ ಸದ್ದು ಮಾಡಿ ನಿಂತುಬಿಟ್ಟಿತು. ಅದರ ಜೊತೆಗೆ ಫ್ರಿಜ್ಜು ನಿಂತಿತು, ಫ್ಯಾನು ನಿಂತಿತು, ಟೀವಿ ನಿಂತಿತು, ಟೀವಿಯೊಳಗೆ ಮರ ಸುತ್ತಿ ಹಾಡುತ್ತಿದ್ದ ಇಬ್ಬರೂ ಅರ್ಧ ಸುತ್ತಿಗೇ ಕಾಣೆಯಾದರು.

ಆಗ ಬೆಳಗಿನ ಹತ್ತೂಮುಕ್ಕಾಲು. ವಿಲೆ ಪಾರ್ಲೆಯ ಪಾರ್ಸಲ್ ಕಂಪನಿಯೊಂದರ ಹನ್ನೆರಡು ಮಂದಿ ಶನಿವಾರದ ಪಿಕ್ನಿಕ್ಕಿಗೆಂದು ಮನೋರಿಯ ಸಮುದ್ರದಂಡೆಗೆ ಬಂದು ಎರಡು ತಾಸಾಗಿತ್ತು. ಈ ಸಲದ ವಿಶೇಷವೆಂದರೆ ಕ್ಯಾರವಾನು. ಎಂಜಿನ್ನಿಲ್ಲದ, ಇನ್ನೊಂದು ಗಾಡಿಯ ಹಿಂದೆ ಕಟ್ಟಿ ಎಳೆಯುವ, ಚಕ್ರದ ಮೇಲಿನ ಮನೆ. ಒಳಗೆ ಅಡುಗೆಕಟ್ಟೆ, ಮಂಚ, ಕಕ್ಕಸು, ಗೋಡೆಯಗಲದ ಟೀವಿ, ವೈಫೈ ಎಲ್ಲವೂ ಇದ್ದವು. ಅದನ್ನು ಒಂದು ದಿನದ ಬಾಡಿಗೆಗೆ ತರಿಸಿದ್ದು ಮ್ಯಾನೇಜರ್ ಸುಭಾಷ ಸಾಹೇಬರು. ಎಳೆದು ತಂದ ಪಿಕಪ್ ಗಾಡಿಯವನು ಅದನ್ನು ಗಾಳಿಮರಗಳ ನೆರಳಲ್ಲಿ ಬಿಟ್ಟು, ಸಂಜೆ ಆರಕ್ಕೆ ಬರುವೆನೆಂದು ಹೋಗಿದ್ದ. ಸುತ್ತ ಮರಳು, ಮುಂದೆ ಸಮುದ್ರ. ಕರೆಂಟಿನ ಕಂಬ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿ ಒಂದೂ ಇರಲಿಲ್ಲ.

“ಶರಣೂ!” ಎಂದು ಸುಭಾಷ ಸಾಹೇಬರು ಕೂಗಿದರು.

ಕಂಪನಿಯಲ್ಲಿ ಏನೇ ಕೆಟ್ಟರೂ ಮೊದಲು ಕೇಳಿಬರುವ ಹೆಸರು ಶರಣುವಿನದು. ಕೆಡಿಸಿದವನು ಅವನೆಂದಲ್ಲ, ಕರೆದ ಕೂಡಲೇ ಓಡಿ ಬರುವವನು ಅವನೊಬ್ಬನೇ ಎಂದು. ಕಲಬುರ್ಗಿ ಕಡೆಯಿಂದ ಬಂದು ಹನ್ನೊಂದು ವರ್ಷದಿಂದ ಅಲ್ಲಿ ಪಾರ್ಸಲ್ ಕಟ್ಟುತ್ತಿದ್ದ. ನಸುಕಿನ ಐದಕ್ಕೆ ಘಾಟ್ಕೋಪರಿನ ಚಾಳಿನ ಒಂದು ಕೋಣೆಯ ಮನೆ ಬಿಟ್ಟರೆ ಮರಳಿ ಬರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ಏಳು ವರ್ಷದ ಆ ಹುಡುಗಿ ಹೋದ ವಾರ ಶಾಲೆಯಲ್ಲಿ ‘ನನ್ನ ಅಪ್ಪ’ ಎಂಬ ಚಿತ್ರ ಬರೆಯುವಾಗ ಕಣ್ಣು ಮುಚ್ಚಿ ಮಲಗಿದ ಮನುಷ್ಯನನ್ನು ಬರೆದಿದ್ದಳು. ಅವಳು ಅಪ್ಪನನ್ನು ನೋಡುತ್ತಿದ್ದದ್ದು ಭಾನುವಾರ ಮಧ್ಯಾಹ್ನ ಮಾತ್ರ.

ಈಗ ಘಾಟ್ಕೋಪರಿನಲ್ಲಿಯೇ ಕಂಪನಿಯ ಹೊಸ ಕೌಂಟರು ತೆರೆಯುವುದಿತ್ತು. ಶರಣುವಿನ ಚಾಳಿನಿಂದ ಏಳು ನಿಮಿಷದ ನಡಿಗೆ. ಅಲ್ಲಿಗೆ ಯಾರನ್ನು ಹಾಕಬೇಕೆಂದು ಸುಭಾಷ ಸಾಹೇಬರು ಹೆಡ್ಡಾಫೀಸಿಗೆ ಬರೆಯಬೇಕಿತ್ತು. ಬೆಳಿಗ್ಗೆ ಹೊರಡುವಾಗ ಹೆಂಡತಿ ದಾನೇಶ್ವರಿ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದಳು: “ಪಿಕ್ನಿಕ್ಕಿನ್ಯಾಗ ಸಾಹೇಬ್ರ ಮನಸ್ಸು ಖುಷಿ ಇರ್ತದ. ಇವತ್ತ ಕೇಳೇ ಬರ್ರಿ. ಕೇಳಲಾರ್ದ ಬಂದ್ರ ಬಾಗಿಲಾ ತೆಗ್ಯಂಗಿಲ್ಲ ನೋಡ್ರಿ.”

“ಏನಾತ್ರಿ ಸಾಹೇಬ್ರ?” ಎಂದು ಶರಣು ಓಡಿ ಬಂದ.

ಸಾಹೇಬರು ತೆಂಗಿನ ಮರಗಳ ಚಿತ್ರವಿದ್ದ ಬರ್ಮುಡಾ ತೊಟ್ಟು, ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅವರು ಸೊಲ್ಲಾಪುರದವರು. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಒಂದೇ ಬೋಗುಣಿಯಲ್ಲಿ ಕಲಸಿ ಮಾತಾಡುವ ಮನುಷ್ಯ.

“ಅರೇ ಬ್ಯಾಟರಿ ಖತಂ! ನಾಲ್ಕಕ್ಕ ಹೆಡ್ಡಾಫೀಸ್ ಮೀಟಿಂಗ್ ಅದ ನನ್ನದು, ವಿಡಿಯೋ ಮೇಲೆ. ಈ ಟೀವಿಮ್ಯಾಗನ ಮಾಡೂದಿತ್ತು. ಅತಾ ಕಾಯ್ ಕರಾಯಚಂ? ಮುಂದ ಹ್ಯಾಂಗ?”

“ನನ್ನ ಫೋನಲ್ಲಿ ಮಾಡಿ ಸರ್,” ಎಂದು ಸುಕೇಶ್ ಮರದ ನೆರಳಲ್ಲಿ ಮಲಗಿದ್ದಲ್ಲಿಂದಲೇ ಫೋನು ಎತ್ತಿ ಹಿಡಿದ. ಅವನು ಉಡುಪಿ ಕಡೆಯವನು, ಕೌಂಟರಿನ ಕೆಲಸದವನು. ಬಂದಾಗಿನಿಂದ ಚಾಪೆ ಬಿಟ್ಟು ಎದ್ದಿರಲಿಲ್ಲ.

“ಹೆಡ್ಡಾಫೀಸಿನವರ ಮುಂದ ಅಂಗೈಯಷ್ಟ ಫೋನಿನ್ಯಾಗ ಕೂಡಲೇನು? ಕಾಗದ ಎಲ್ಲಾ ಲ್ಯಾಪ್‌ಟಾಪಿನ್ಯಾಗ ಅವ. ಲ್ಯಾಪ್‌ಟಾಪಿನ ಚಾರ್ಜರ್ ಆಫೀಸಿನ್ಯಾಗ ಉಳೀತು. ನನ್ನ ನಸೀಬು!” ಎಂದು ಸಾಹೇಬರು ಹಣೆ ಬಡಿದುಕೊಂಡರು. ಮತ್ತೆ ಎಲ್ಲರಿಗೂ ಕೇಳುವಂತೆ, “ಶರಣೂ, ಏನರ ಮಾಡು. ನಾಲ್ಕರೊಳಗ ಕರೆಂಟ್ ಬೇಕು!” ಎಂದರು.

ಇದಕ್ಕಿಂತ ಒಳ್ಳೆಯ ಅವಕಾಶ ಶರಣುವಿಗೆ ಸಿಗುವಂತಿರಲಿಲ್ಲ. ಕರೆಂಟು ಬಂದರೆ ಮೀಟಿಂಗು, ಮೀಟಿಂಗಾದರೆ ಸಾಹೇಬರಿಗೆ ಖುಷಿ, ಖುಷಿಯಾದರೆ ಘಾಟ್ಕೋಪರು. ಅವನು ಪ್ಯಾಂಟು ಮಡಚಿದ.

ಕ್ಯಾರವಾನು ಬಾಡಿಗೆಗೆ ಕೊಟ್ಟವನಿಗೆ ಫೋನು ಹಚ್ಚಿದರೆ, ಅವನು ಬೋರಿವಲಿ ಸ್ಟೇಷನ್ನಿನ ಗದ್ದಲದಲ್ಲಿ ನಿಂತು ಹಿಂದಿಯಲ್ಲಿ ಹೇಳಿದ್ದಿಷ್ಟು: ಸೀಟಿನ ಕೆಳಗೆ ಎರಡು ದೊಡ್ಡ ಬ್ಯಾಟರಿ ಇವೆ. ಮುಂದಿನ ಪೆಟ್ಟಿಗೆಯಲ್ಲಿ ಪೆಟ್ರೋಲ್ ಜನರೇಟರ್ ಇದೆ. ಬ್ಯಾಟರಿ ಇಪ್ಪತ್ತು ಪರ್ಸೆಂಟ್ ಮುಟ್ಟುವ ತನಕ ಟೀವಿ, ವೈಫೈ ಬರುವುದಿಲ್ಲ. ಜನರೇಟರ್ ಚಾಲೂ ಮಾಡಿ ವೈರು ಹಚ್ಚಿ.

“ಯಾವ ವೈರ್ ಭಾಯಿ?” ಎಂದು ಶರಣು ಕೇಳಿದ. ಅಷ್ಟರಲ್ಲಿ ಲೋಕಲ್ ರೈಲು ಬಂತೆಂದು ಕಾಣುತ್ತದೆ, ಫೋನು ಕಟ್ಟಾಯಿತು. ಆಮೇಲೆ ಅದು ಹತ್ತಲೇ ಇಲ್ಲ.

ಜನರೇಟರನ್ನು ಹೊರಗೆ ತಂದು ಮರಳಿನ ಮೇಲಿಟ್ಟಾಗ ಎಲ್ಲರೂ ಮುತ್ತಿಕೊಂಡರು. ಬಗಲಲ್ಲಿ ಒಂದು ಹಗ್ಗದ ಹಿಡಿಕೆ. ಶರಣು ಎಳೆದ. ಅದು ಸುಮ್ಮನಿತ್ತು. ಇನ್ನೊಬ್ಬ ಎಳೆದ. ಮೂರನೆಯವನು ಎಳೆದ ರಭಸಕ್ಕೆ ತಾನೇ ಹಿಂದಕ್ಕೆ ಬಿದ್ದು ಪಾವಭಾಜಿಯ ಪಾತ್ರೆಯೊಳಗೆ ಕೂತ. ಅಷ್ಟೊತ್ತಿಗೆ ಕಂಪನಿಯ ವ್ಯಾನಿನ ಡ್ರೈವರ್ ಚಮನಸಾಬ ಗುಂಪು ಸೀಳಿಕೊಂಡು ಬಂದ. ವಿಜಾಪುರದವನು, ಅರವತ್ತರ ಹತ್ತಿರದವನು. ಜಗತ್ತಿನ ಎಲ್ಲಾ ಯಂತ್ರಗಳೂ ತನಗೆ ದೂರದ ಸಂಬಂಧಿಕರು ಎಂಬಂತೆ ಮಾತಾಡುವವನು.

“ಹಟೋ ಬಾವಾ. ಪೆಟ್ರೋಲಿನ ಕಾಕ್ ಬಂದ್ ಐತಿ. ನೀವು ಬರೇ ಹಗ್ಗಾ ಜಗ್ಗಿದ್ರ ಅದೇನು ದೇವರ ತೇರಾ?” ಎಂದು ಸಣ್ಣ ಗುಂಡಿಯೊಂದನ್ನು ತಿರುಗಿಸಿ ಹಗ್ಗ ಎಳೆದ. ಜನರೇಟರು ಅಬ್ಬರಿಸುತ್ತಾ ಎದ್ದಿತು. ಗಾಳಿಮರದ ಕಾಗೆಗಳೆಲ್ಲ ಸಮುದ್ರದ ಕಡೆಗೆ ಹಾರಿದವು. ಸುಕೇಶ್ ಕಿವಿಗೆ ಟವೆಲ್ಲು ಸುತ್ತಿಕೊಂಡು ಮಗ್ಗಲು ಬದಲಿಸಿದ.

ಪೆಟ್ಟಿಗೆಯೊಳಗೆ ಕೆಂಪು ಕರಿ ಎರಡೆಳೆಯ ವೈರೊಂದು ಸಿಕ್ಕಿತು. ತುದಿಯಲ್ಲಿ ಚಿಮಟಿಗೆಗಳು. “ಇದೇ ಬ್ಯಾಟರಿದು. ಕೆಂಪಕ್ಕ ಕೆಂಪು, ಕರಿದಕ್ಕ ಕರಿದು,” ಎಂದ ಚಮನಸಾಬ. ಶರಣು ಹಾಗೇ ಸಿಕ್ಕಿಸಿದ. ಗೋಡೆಯ ಮೇಲಿನ ಬೋರ್ಡಿನಲ್ಲಿ ಬ್ಯಾಟರಿ ಹನ್ನೊಂದು ಪರ್ಸೆಂಟ್ ಎಂದಿತ್ತು. ಅರ್ಧ ತಾಸು ಕಳೆಯಿತು, ಹನ್ನೊಂದು. ಒಂದು ತಾಸು ಕಳೆಯಿತು, ಹನ್ನೆರಡು. ಜನರೇಟರು ಹೊಟ್ಟೆಗೆ ಬೆಂಕಿ ಬಿದ್ದ ಹಾಗೆ ಅರಚುತ್ತಿತ್ತು. ಬ್ಯಾಟರಿ ಮಾತ್ರ ಬೇಡವಾದ ನೆಂಟರ ಮನೆಯಲ್ಲಿ ಉಣ್ಣಲು ಕೂತವರ ಹಾಗೆ ಒಂದೊಂದೇ ಅಗುಳು ನುಂಗುತ್ತಿತ್ತು.

ಸಾಹೇಬರು ಬಂದು ಬೋರ್ಡು ನೋಡಿದರು. “ಹನ್ನೆರಡಾ? ಅರೆರೆ, ಆಗಂಗಿಲ್ಲ ಬಿಡು,” ಎಂದು ಮೆತ್ತಗೆ ಹೇಳಿದರು. ಅವರ ಮುಖದಲ್ಲಿ ವ್ಯಥೆ ಇರಲಿಲ್ಲ. ದೊಡ್ಡವರು ದುಃಖವನ್ನು ಒಳಗೇ ನುಂಗುತ್ತಾರೆ ಎಂದುಕೊಂಡ ಶರಣು.

“ಸಾಹೇಬ್ರ, ಒಂದು ಮಾತು ಕೇಳೂದಿತ್ರಿ. ಘಾಟ್ಕೋಪರಿಂದು...”

“ಆಮ್ಯಾಲೆ, ಆಮ್ಯಾಲೆ,” ಎಂದು ಸಾಹೇಬರು ಮೀನಿನ ಭಜಿಯ ಕಡೆ ನಡೆದರು.

ಜನರೇಟರಿನ ಸದ್ದಿಗೆ ನಿದ್ದೆ ಹತ್ತದ ಸುಕೇಶ್ ಸಿಟ್ಟಿನಿಂದ ತಲೆಯೆತ್ತಿದ. “ಎಂತ ಮಾರಾಯ, ಉಪ್ಪಿಟ್ಟಿನ ಚಮಚದಲ್ಲಿ ಬಿಲ್ಡಿಂಗಿನ ಟ್ಯಾಂಕಿ ತುಂಬಿಸ್ತಾ ಇದ್ದೀಯಾ? ಆ ಸಪೂರ ವೈರು ಕಾರಿನ ಸಣ್ಣ ಬ್ಯಾಟರಿಗೆ. ಈ ಗಾಡಿಯೊಳಗೇ ದೊಡ್ಡ ಚಾರ್ಜರ್ ಉಂಟು. ಹಿಂದೆ ದಪ್ಪ ಕೇಬಲ್ ಸುತ್ತಿ ಇಟ್ಟಿದ್ದಾರಲ್ಲ, ಅದನ್ನು ಜನರೇಟರಿಗೆ ಸಿಕ್ಕಿಸು. ಒಳಗಿನ ಚಾರ್ಜರೇ ತುಂಬಿಸ್ತದೆ.”

“ಎರಡು ತಾಸಿಂದ ಯಾಕ ಹೇಳ್ಲಿಲ್ಲೋ?”

“ನೀನು ನನ್ನ ಹತ್ರ ಕೇಳಿದ್ಯಾ?” ಎಂದು ಸುಕೇಶ್ ಮತ್ತೆ ಮಲಗಿದ.

ಹಿಂದೆ ಹೋಗಿ ನೋಡಿದರೆ ಹೆಬ್ಬಾವಿನಂಥ ಕೇಬಲ್ಲು ಸಿಕ್ಕಿತು. ಆದರೆ ಅದರ ತುದಿಯಲ್ಲಿದ್ದದ್ದು ಮುಷ್ಟಿಗಾತ್ರದ ನೀಲಿ ಪ್ಲಗ್ಗು. ಜನರೇಟರಿನಲ್ಲಿದ್ದದ್ದು ಮನೆಯ ಗೋಡೆಯಲ್ಲಿರುವಂಥ ಮೂರು ತೂತಿನ ಸಾಕೆಟ್ಟು. ಅದು ಇದರೊಳಗೆ ಯಾವ ಜನ್ಮಕ್ಕೂ ಹೋಗುವಂತಿರಲಿಲ್ಲ.

ಶರಣು ಆ ಕೇಬಲ್ಲಿನ ತುದಿಯ ಫೋಟೋ ಹೊಡೆದುಕೊಂಡು ಮನೋರಿ ಊರಿನೊಳಗೆ ಹೊರಟ. ಬಿಸಿಲು ನೆತ್ತಿ ಸುಡುತ್ತಿತ್ತು. ಮೀನಿನ ಟೆಂಪೋದವನೊಬ್ಬ ಹತ್ತಿಸಿಕೊಂಡ. ಮೊದಲ ಅಂಗಡಿ ಮುಚ್ಚಿತ್ತು. ಎರಡನೆಯದರಲ್ಲಿ ಮುದುಕನೊಬ್ಬ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು, ಇದು ಮದುವೆ ಮಂಟಪ ಹಾಕುವವರ ಪ್ಲಗ್ಗೆಂದು ಹೇಳಿ, ಮೂರು ಡಬ್ಬಿ ತಡಕಿ, ಒಂದು ಕಡೆ ನೀಲಿ ಸಾಕೆಟ್ಟು ಇನ್ನೊಂದು ಕಡೆ ಮೂರು ಪಿನ್ನು ಇರುವ ತುಂಡು ಕೇಬಲ್ಲನ್ನು ತೆಗೆದುಕೊಟ್ಟ. ಶರಣು ಅದನ್ನು ಎದೆಗವಚಿಕೊಂಡು, ಮೈಯೆಲ್ಲ ಬಂಗಡೆಯ ವಾಸನೆ ಹೊತ್ತು ದಂಡೆಗೆ ಮರಳುವಾಗ ಎರಡೂ ಇಪ್ಪತ್ತು.

ಎಲ್ಲರ ಊಟವಾಗಿತ್ತು. ಅವನ ಪಾಲಿಗೆ ಒಂದು ಭಕ್ರಿ ರೊಟ್ಟಿ, ರುಬ್ಬದ ಶೇಂಗಾ ಮತ್ತು ಹಸಿಮೆಣಸಿನಕಾಯಿ ಉಳಿದಿದ್ದವು. ಅವನು ಅದನ್ನೂ ಮುಟ್ಟದೆ ಕೇಬಲ್ಲು ಜೋಡಿಸಿದ. ಜನರೇಟರಿನ ದನಿ ಒಂದು ಸ್ವರ ಕೆಳಗಿಳಿದು ಗಟ್ಟಿಯಾಯಿತು. ಬೋರ್ಡು ಹದಿಮೂರು ಎಂದಿತು. ಐದೇ ನಿಮಿಷಕ್ಕೆ ಹದಿನಾಲ್ಕು.

“ಆತು ನೋಡ್ರಿ!” ಎಂದು ಶರಣು ಕುಣಿದ.

ಅವನು ಕುಣಿಯುವುದು ಮುಗಿಯುವ ಮೊದಲೇ ಗಾಡಿಯೊಳಗಿನ ಸಾಕೆಟ್ಟುಗಳಲ್ಲಿ ಕರೆಂಟು ಬಂದ ಸುದ್ದಿ ಹರಡಿತು. ಎಂಟೊಂಬತ್ತು ಮಂದಿ ಎಂಟೊಂಬತ್ತು ಫೋನು ಹಿಡಿದು ನುಗ್ಗಿದರು. ಚಂಪಾಬಾಯಿ ಚಹಾಕ್ಕೆಂದು ಇಂಡಕ್ಷನ್ ಒಲೆ ಹಚ್ಚಿದಳು, ಬೆಳಗಿನ ಹಟಕ್ಕೆ ಮಿಕ್ಸರನ್ನೂ ತಿರುಗಿಸಿದಳು. ಜನರೇಟರು ಉಬ್ಬಸ ಬಂದವರಂತೆ ಒಮ್ಮೆ ಮೇಲೆ ಕೆಳಗೆ ಎಳೆದು ‘ಟಪ್’ ಎಂದು ಕೈಚೆಲ್ಲಿತು.

“ಚಂಪಕ್ಕಾ! ನಿನ್ನ ಹಿಂಡಿ ನನ್ನ ಜೀವಾ ಹಿಂಡ್ಲಾಕತ್ತದ!”

“ನನಗೇನು ಗೊತ್ತು ತಮ್ಮಾ? ಕರೆಂಟ್ ಬಂತಂದ್ರು. ಬಂದ ಮ್ಯಾಲ ಉಪಯೋಗ ಮಾಡಬ್ಯಾಡಂದ್ರ ಅದೆಂಥಾ ಕರೆಂಟು?”

ಶರಣು ಎಲ್ಲರನ್ನೂ ಹೊರಹಾಕಿ, ಫೋನುಗಳನ್ನೆಲ್ಲ ಕಿತ್ತು, ಜನರೇಟರನ್ನು ಮತ್ತೆ ಎಬ್ಬಿಸಿದ. ಸಾಹೇಬರ ಫೋನಾದರೂ ಇರಲಿ, ಅದೊಂದನ್ನು ಹಚ್ಚುವೆನೆಂದು ಕೇಳಿದರೆ, “ಬ್ಯಾಡ, ನನ್ನದರ ಪಿನ್ನೇ ಬ್ಯಾರೆ,” ಎಂದರು ಸಾಹೇಬರು. ಅವರ ಫೋನು ಶರಣುವಿನ ಫೋನಿನ ಹಾಗೇ ಇತ್ತು. ಇದ್ದರೂ ಇರಬಹುದು, ದೊಡ್ಡವರ ಪಿನ್ನು ಬೇರೆ ಎಂದುಕೊಂಡ.

ಅಲ್ಲಿಂದ ಮುಂದೆ ನಡೆದದ್ದು ಶರಣುವಿನ ತಲೆಗೆ ಹತ್ತಲಿಲ್ಲ.

ಹದಿನೈದಾಗಿದ್ದ ಪರ್ಸೆಂಟು ಹದಿನೈದರಲ್ಲೇ ನಿಂತಿತು. ಜನರೇಟರು ನಡೆಯುತ್ತಿತ್ತು, ಬ್ಯಾಟರಿ ಏರುತ್ತಿರಲಿಲ್ಲ. ಸುತ್ತಿ ಬಂದು ನೋಡಿದರೆ ಗಾಡಿಯ ಹಿಂದೆ ಕೇಬಲ್ಲಿನ ಇನ್ನೊಂದು ತುದಿಯ ಪ್ಲಗ್ಗು ಕಿತ್ತು ಮರಳಲ್ಲಿ ಬಿದ್ದಿತ್ತು. ಸಿಕ್ಕಿಸಿದ. ಕಾಲು ತಾಸಿನಲ್ಲಿ ಜನರೇಟರೇ ನಿಂತಿತು. ಪೆಟ್ರೋಲಿನ ಗುಂಡಿ ಯಾರೋ ತಿರುಗಿಸಿದ ಹಾಗೆ ಮುಚ್ಚಿತ್ತು. ತೆರೆದು ಎಬ್ಬಿಸಿದ. ಕೈ ತೊಳೆದು ಬರುವಷ್ಟರಲ್ಲಿ ಪ್ಲಗ್ಗು ಮತ್ತೆ ಮರಳಲ್ಲಿ.

“ಏಡಿ ಇರಬೇಕು,” ಎಂದಳು ಚಂಪಾಬಾಯಿ. “ಇಲ್ಲಿ ಏಡಿ ಭಾಳ ಅವ.”

“ಏಡಿ ಪೆಟ್ರೋಲ್ ಬಂದ್ ಮಾಡ್ತದೇನು?”

“ಕೊಂಡಿ ಇರ್ತಾವಲ್ಲಪ್ಪಾ, ಮಾಡಿದ್ರೂ ಮಾಡ್ತಾವ.”

ಚಮನಸಾಬ ಗಡ್ಡ ತುರಿಸಿಕೊಂಡು ಹವೆಯ ದೋಷ ಎಂದ. ಸಮುದ್ರದ ಹವೆಗೆ ಪಿನ್ನು ಬೆವರುತ್ತವೆ, ಬೆವರಿದರೆ ಜಾರುತ್ತವೆ ಎಂದು ವಿವರಿಸಿದ. ಶರಣುವಿನ ಅನುಮಾನ ಮಾತ್ರ ಸುಕೇಶನ ಮೇಲೆ. ಸದ್ದಿಗೆ ಬೈಯುತ್ತಿದ್ದವನು ಅವನೊಬ್ಬನೇ. ಹೋಗಿ ಚಾಪೆಯ ಮುಂದೆ ನಿಂತು, “ಖರೇ ಹೇಳು, ನೀನೇ ಅಲ್ಲೇನು ತೆಗೀಲಾಕತ್ತಿದ್ದು?” ಎಂದ.

ಸುಕೇಶ್ ಒಂದೇ ಕಣ್ಣು ತೆರೆದ. “ಪ್ಲಗ್ ತೆಗೀಬೇಕಾದ್ರೆ ನಾನು ಏಳ್ಬೇಕು ಅಲ್ವಾ? ಎದ್ದವನಾದ್ರೆ ಮೊದ್ಲು ಮೀನಿನ ಹತ್ರ ಹೋಗ್ತಿದ್ದೆ ಮಾರಾಯ.”

ಅದು ಒಪ್ಪುವ ಮಾತೇ ಆಗಿತ್ತು. ಸಾಹೇಬರು ಹತ್ತು ನಿಮಿಷಕ್ಕೊಮ್ಮೆ ಬಂದು ಎಲ್ಲರ ಮುಂದೆ, “ಎಷ್ಟಾತು? ಲೌಕರ್, ಜಲ್ದಿ ಜಲ್ದಿ! ಮೀಟಿಂಗ್ ತಪ್ಪಬಾರದು!” ಎಂದು ಗದರಿಸುತ್ತಿದ್ದರು. ಯಾರೂ ಇಲ್ಲದಾಗ ಅದೇ ಸಾಹೇಬರು ಹತ್ತಿರ ಬಂದು, “ಈ ಸದ್ದಿಗೆ ತಲಿ ನೋಯ್ತದ ಶರಣೂ, ಒಂದೀಟು ಬಂದ್ ಮಾಡು,” ಎನ್ನುತ್ತಿದ್ದರು. ಬಂದ್ ಮಾಡಲೆಂದು ಕೈ ಚಾಚುವಷ್ಟರಲ್ಲಿ ಚಂಪಾಬಾಯಿ ಆ ಕಡೆ ಬಂದರೆ, “ಬಂದ್ ಯಾಕ ಮಾಡ್ತಿ ಮೂರ್ಖಾ?” ಎಂದು ಗರ್ಜಿಸುತ್ತಿದ್ದರು. ಯಾವ ಮಾತು ಕೇಳಬೇಕೋ ತಿಳಿಯದೆ ಶರಣು ಎರಡಕ್ಕೂ “ಹೂಂ ರೀ” ಎಂದ.

ಮೂರೂಕಾಲಿಗೆ ಒಂದು ಉಪಾಯ ಹೊಳೆಯಿತು. ಸಮುದ್ರಕ್ಕೆ ಕೈಕಾಲು ತೊಳೆಯಲು ಹೋಗುವವನಂತೆ ನಡೆದು, ಸುತ್ತು ಹಾಕಿ ಬಂದು, ಗಾಳಿಮರದ ಹಿಂದೆ ಅಡಗಿ ಕೂತ. ಎರಡು ನಿಮಿಷದಲ್ಲಿ ಗಾಡಿಯ ಹಿಂದಿನಿಂದ ಒಂದು ಕೈ ಮೆಲ್ಲಗೆ ಬಂತು. ಚಿನ್ನದ ಕಡಗ ತೊಟ್ಟ ಕೈ. ಅದು ಪ್ಲಗ್ಗು ಹಿಡಿಯಿತು, ಅಲ್ಲಾಡಿಸಿತು, ಕಿತ್ತಿತು. ಕೈಯ ಹಿಂದೆ ತೋಳು, ತೋಳಿನ ಹಿಂದೆ ತೆಂಗಿನ ಮರಗಳ ಬರ್ಮುಡಾ.

“ಸಾಹೇಬ್ರ!”

ಸುಭಾಷ ಸಾಹೇಬರು ಹಾವು ತುಳಿದವರಂತೆ ಹಾರಿದರು. ಪ್ಲಗ್ಗು ಇನ್ನೂ ಕೈಯಲ್ಲೇ ಇತ್ತು. ಅದನ್ನು ನೋಡಿದರು, ಶರಣುವನ್ನು ನೋಡಿದರು. “ಟೈಟ್ ಅದನೋ ಇಲ್ಲೋ... ನೋಡ್ಲಾಕ ಬಂದಿದ್ದೆ,” ಎಂದರು.

ಶರಣುವಿನ ಕಣ್ಣು ತುಂಬಿ ಬಂದವು. ಮೀಟಿಂಗಿನ ಚಿಂತೆಯಲ್ಲಿ ಇಷ್ಟು ದೊಡ್ಡ ಮನುಷ್ಯ ಊಟದ ಬಳಿಕ ಒಂದು ಗಳಿಗೆ ಅಡ್ಡಾಗದೆ, ತಾನೇ ಬಂದು ಬಂದು ಪ್ಲಗ್ಗು ಬಿಗಿಯಿದೆಯೇ ಎಂದು ನೋಡುತ್ತಿದ್ದಾರೆ! ಅದು ಸಡಿಲಾಗುತ್ತಿದ್ದದ್ದೇ ಹಾಗೆ!

“ಮುಟ್ಟಬ್ಯಾಡ್ರಿ ಸಾಹೇಬ್ರ. ಕೈ ಹಸಿ ಅವ, ಶಾಕ್ ಹೊಡದೀತು. ನಾ ಇದ್ದೀನಲ್ರಿ.”

ಸಾಹೇಬರು ಅತ್ತಿತ್ತ ನೋಡಿ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ದನಿ ತಗ್ಗಿಸಿದರು. “ನೋಡು ಶರಣೂ, ಏನೋ ಘಾಟ್ಕೋಪರ್ ಅಂತಿದ್ದಿ. ನೀ ಇದನ್ನೆಲ್ಲಾ ಬಿಟ್ಟು ಆ ಮರದ ಕೆಳಗ ಸುಮ್ಮ ಕೂಡು. ಸುಮ್ಮ. ಘಾಟ್ಕೋಪರ್ ನಿಂದೇ ಅಂತ ತಿಳಿ. ಸಮ್ಜಾ ಕ್ಯಾ?”

ಶರಣುವಿಗೆ ಸಮಝಾಯಿತು. ಎಂಥ ಮನುಷ್ಯ! ಕೈಕೆಳಗಿನವನು ಬಿಸಿಲಲ್ಲಿ ಉಪವಾಸ ಒದ್ದಾಡುವುದು ನೋಡಲಾರದೆ, ತನ್ನ ಮೀಟಿಂಗು ಹಾಳಾದರೂ ಸರಿ, ನೀನು ಕೂಡು ಎನ್ನುತ್ತಿದ್ದಾರೆ! ಇಂಥವರನ್ನು ಕೈಬಿಟ್ಟು ಕೂತುಬಿಡುವುದೇ?

“ಇಲ್ರಿ ಸಾಹೇಬ್ರ,” ಎಂದ. “ಇವತ್ತ ಏನರ ಆಗ್ಲಿ. ನಾಲ್ಕಕ್ಕ ನಿಮ್ಮನ್ನ ಆ ಟೀವಿ ಮುಂದ ನಿಂದ್ರಿಸಿಯೇ ತೀರತೀನಿ.”

ಹೋಗಿ ವ್ಯಾನಿನಿಂದ ಪಾರ್ಸಲ್ ಟೇಪಿನ ಹೊಸ ಸುರುಳಿ ತಂದ. ಹನ್ನೊಂದು ವರ್ಷದ ಕಸುಬನ್ನೆಲ್ಲ ಕೈಗೆ ತಂದುಕೊಂಡು, ಪ್ಲಗ್ಗನ್ನು ಕನ್ಯಾಕುಮಾರಿಗೆ ಕಳಿಸುವ ಗಾಜಿನ ಸಾಮಾನಿನಂತೆ ಉದ್ದಕ್ಕೆ ಆರು ಸುತ್ತು, ಅಡ್ಡಕ್ಕೆ ಹತ್ತು ಸುತ್ತು ಬಿಗಿದ. ಪೆಟ್ರೋಲಿನ ಗುಂಡಿಯನ್ನು ತೆರೆದ ಕಡೆಗೇ ಇಟ್ಟು ಅದರ ಮೇಲೂ ಟೇಪು ಎಳೆದ. ಹಲ್ಲಿನಿಂದ ಟೇಪು ಹರಿದು, ಜನರೇಟರಿನ ಪಕ್ಕ ಚಕ್ಕಳ ಬಕ್ಕಳ ಹಾಕಿ ಕೂತ. ಸಾಹೇಬರು ಅವನನ್ನು ಎರಡು ಸಲ ಎಳನೀರು ತರಲೆಂದು ಅಟ್ಟಲು ನೋಡಿದರು. ಎರಡು ಸಲವೂ ಶರಣು ಕೂತಲ್ಲಿಂದಲೇ ಚಮನಸಾಬನನ್ನು ಕಳಿಸಿದ. ಸಾಹೇಬರಿಗೆ ಎಳನೀರು ಕುಡಿದು ಕುಡಿದು ಹೊಟ್ಟೆ ಉಬ್ಬಿತು.

ಹದಿನೇಳು. ಹದಿನೆಂಟು. ಮೂರೂಐವತ್ತಕ್ಕೆ ಹತ್ತೊಂಬತ್ತು. ಪಿಕ್ನಿಕ್ಕಿನ ಮಂದಿಯೆಲ್ಲ ಅಂತಾಕ್ಷರಿ ಬಿಟ್ಟು ಬೋರ್ಡಿನ ಮುಂದೆ ಸೇರಿದರು. ಮೂರೂಐವತ್ತೆಂಟಕ್ಕೆ ಅಂಕಿ ಮಿನುಗಿ ಇಪ್ಪತ್ತಾಯಿತು. ‘ಟಿಂಗ್’ ಎಂದು ಸದ್ದಾಗಿ ದೀಪ ಹತ್ತಿದವು, ಫ್ಯಾನು ತಿರುಗಿತು, ಟೀವಿ ಬೆಳಗಿತು. ಚಪ್ಪಾಳೆಯೋ ಚಪ್ಪಾಳೆ. ಸುಕೇಶ್ ಕೂಡ ಎದ್ದು ಬಂದ.

ಸಾಹೇಬರು ಬಾಗಿಲಿನ ಹತ್ತಿರ ನಿಂತಿದ್ದರು. ಅವರ ಒಂದು ಕಾಲು ಆಗಲೇ ಹೊರಗಿತ್ತು. ಆದರೆ ಬೆಳಿಗ್ಗೆ ಬಂದ ಕೂಡಲೇ ಎಲ್ಲರೆದುರು ಜಂಬದಿಂದ, “ನಾಲ್ಕಕ್ಕ ತಾನೇ ಹಚ್ಚಿಕೊಳ್ತದ,” ಎಂದು ಮೀಟಿಂಗನ್ನು ಟೀವಿಗೆ ಜೋಡಿಸಿಟ್ಟವರು ಅವರೇ. ಟೀವಿ ಮಾತಿಗೆ ತಪ್ಪಲಿಲ್ಲ. ಗೋಡೆಯಗಲಕ್ಕೆ ಹೆಡ್ಡಾಫೀಸಿನ ಅನುರಾಧಾ ಮೇಡಂ ಮೂಡಿದರು. ಅವರ ಅಕ್ಕಪಕ್ಕ ಟೈ ಕಟ್ಟಿದ ನಾಲ್ವರು. ಈಚೆ ಕಡೆ ಒದ್ದೆ ಬರ್ಮುಡಾ ತೊಟ್ಟ ಸುಭಾಷ ಸಾಹೇಬರು, ಕೈಯಲ್ಲಿ ಅರ್ಧ ತಿಂದ ಭಜಿ.

ಮೇಡಂ ಕನ್ನಡಕ ಸರಿಮಾಡಿಕೊಂಡರು. ಮಾಟುಂಗದ ಕನ್ನಡ ಮನೆಯಲ್ಲಿ ಹುಟ್ಟಿ ಬೆಳೆದವರು, ಕನ್ನಡದ ಮಂದಿ ಕಂಡರೆ ಕನ್ನಡವನ್ನೇ ಆಡುವವರು. “ಅರೆ, ಸುಭಾಷ್! ನೀವು ಬರೋದಿಲ್ಲ ಅಂತಲೇ ನಾವು ಮೀಟಿಂಗ್ ಕ್ಯಾನ್ಸಲ್ ಮಾಡ್ತಾ ಇದ್ವಿ. ಬೆಳಗ್ಗೆ ಹತ್ತಕ್ಕೇ ಮೆಸೇಜ್ ಹಾಕಿದ್ರಲ್ಲ, ಇಲ್ಲಿ ಬ್ಯಾಟರಿ ಪೂರ್ತಿ ಹೋಗಿದೆ, ಕರೆಂಟಿಲ್ಲ, ದಯವಿಟ್ಟು ಮುಂದಕ್ಕೆ ಹಾಕಿ ಅಂತ?”

ಶರಣು ಬೆರಳು ಎಣಿಸಿದ. ಬ್ಯಾಟರಿ ಹೋದದ್ದು ಹತ್ತೂಮುಕ್ಕಾಲಿಗೆ. ಹತ್ತಕ್ಕೆ ಟೀವಿಯಲ್ಲಿ ಹಾಡು ಬರುತ್ತಿತ್ತು, ಫ್ರಿಜ್ಜು ಐಸು ಕಟ್ಟುತ್ತಿತ್ತು. ಹೋಗದ ಬ್ಯಾಟರಿ ಹೋಯಿತೆಂದು ಸಾಹೇಬರಿಗೆ ಮೊದಲೇ ಹೇಗೆ ಗೊತ್ತಾಯಿತು? ಎಲ್ಲಾ ದೀಪ, ಫ್ಯಾನು, ಟೀವಿ ಒಟ್ಟಿಗೇ ಹಚ್ಚಿಡಿರಿ ಎಂದು ಬಂದ ಕೂಡಲೇ ಹೇಳಿದವರು ಯಾರು? ಪ್ಲಗ್ಗು ಹಿಡಿದ ಕೈ, ‘ಸುಮ್ಮ ಕೂಡು’ ಎಂದ ಮಾತು, ಎಲ್ಲವೂ ಒಂದೊಂದಾಗಿ ತಿರುಗಿ ಕೂತವು. ಘಾಟ್ಕೋಪರನ್ನು ಸಾಹೇಬರು ಬಾಯಿಬಿಟ್ಟು ಕೊಟ್ಟಿದ್ದರು. ಬೇಡವೆಂದು ಟೇಪು ಸುತ್ತಿದವನು ತಾನೇ.

ಮುಂದಿನ ಮುಕ್ಕಾಲು ತಾಸು ಮೇಡಂ ಒಂದು ಪಟ್ಟಿ ಓದಿದರು. ಮೂರು ತಿಂಗಳಲ್ಲಿ ದಾರಿ ತಪ್ಪಿದ ಪಾರ್ಸಲ್ಲುಗಳದು. ನಾಸಿಕಕ್ಕೆ ಹೋಗಬೇಕಿದ್ದ ಮದುವೆ ಸೀರೆಗಳು ನಾಂದೇಡಕ್ಕೆ ಹೋಗಿದ್ದವು, ಮದುವೆ ಮುಗಿದು ಕೂಸು ಹುಟ್ಟುವ ಹೊತ್ತಾದರೂ ಮರಳಿರಲಿಲ್ಲ. ಠಾಣೆಯ ಮುದುಕಿಯೊಬ್ಬಳ ಗಾಲಿಕುರ್ಚಿ ಮೂರು ಸಲ ಗೋವಾ ನೋಡಿ ಬಂದಿತ್ತು. ಸಾಹೇಬರು ಒಂದೊಂದಕ್ಕೂ “ಯೆಸ್ ಮೇಡಂ, ಸಾರಿ ಮೇಡಂ” ಎನ್ನುತ್ತಾ ನಿಂತರು. ಬ್ಯಾಟರಿ ಒಂದು ಪರ್ಸೆಂಟೂ ಇಳಿಯಲಿಲ್ಲ, ಏರುತ್ತಲೇ ಹೋಯಿತು.

ಕೊನೆಗೆ ಮೇಡಂ ಪಟ್ಟಿ ಮಡಚಿದರು. “ಒಂದು ವಿಷಯ ಮಾತ್ರ ಖುಷಿ ಆಯ್ತು. ಕರೆಂಟೇ ಇಲ್ಲದ ಜಾಗದಲ್ಲಿ ಇಷ್ಟು ಚೆನ್ನಾಗಿ ವ್ಯವಸ್ಥೆ ಮಾಡಿದ್ದು ಯಾರು?”

ಹನ್ನೊಂದು ಬೆರಳು ಶರಣುವಿನ ಕಡೆ ತಿರುಗಿದವು. ಎಲ್ಲಕ್ಕಿಂತ ಮುಂದೆ ಚಾಚಿದ್ದು ಸಾಹೇಬರ ಬೆರಳು.

“ಇವನ್ರಿ ಮೇಡಂ,” ಎಂದರು ಸಾಹೇಬರು. ಅವರ ಮುಖಕ್ಕೆ ನಿಧಾನವಾಗಿ ಕಳೆ ಬರತೊಡಗಿತು. “ಶರಣು. ಜನರೇಟರಿನ್ಯಾಗ ಎಕ್ಸ್‌ಪರ್ಟ್. ಭಾಳ ಹಟದ ಮನಷಾ.”

“ವೆರಿ ಗುಡ್! ಇಂಥವರನ್ನೇ ಹುಡುಕ್ತಿದ್ವಿ.” ಮೇಡಂ ಪಕ್ಕದವರ ಕಡೆ ನೋಡಿ ತಲೆಯಾಡಿಸಿದರು. “ಭಿವಂಡಿ ದಾಟಿ ವಾಡಾ ಕಡೆ ನಮ್ಮ ಹೊಸ ಗೋಡೌನ್ ಆಗಿದೆ. ಇನ್ನೂ ಲೈಟ್ ಕನೆಕ್ಷನ್ ಬಂದಿಲ್ಲ, ಬರೋಕೆ ಒಂದು ವರ್ಷ ಬೇಕು. ಎಲ್ಲಾ ಜನರೇಟರ್ ಮೇಲೇ ನಡೀಬೇಕು. ಶರಣು, ಸೋಮವಾರದಿಂದ ನೀವೇ ಅಲ್ಲಿಯ ಇನ್‌ಚಾರ್ಜ್. ಇರೋಕೆ ಅಲ್ಲೇ ಒಂದು ರೂಮಿದೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ವಾಡಾಕ್ಕೆ ಲೋಕಲ್ ಕೂಡ ಹೋಗುವುದಿಲ್ಲ. ಮಗಳಿಗೆ ಇನ್ನು ಭಾನುವಾರದ ಅಪ್ಪನೂ ಇಲ್ಲ.

“ಮತ್ತ... ಘಾಟ್ಕೋಪರ್, ಮೇಡಂ?” ಎಂದು ಚಮನಸಾಬ ಹಿಂದಿನಿಂದ ಕೇಳಿದ. ಮುದುಕನಿಗೆ ಶರಣುವಿನ ಆಸೆ ಗೊತ್ತಿತ್ತು.

“ಅಲ್ಲಿಗೆ ಯಾರಾದ್ರೂ ನಡೀತಾರೆ. ಅಲ್ಲಿ ಲೈಟೇ ಹೋಗಲ್ಲ. ಆ ಹಿಂದೆ ನಿಂತಿದ್ದಾರಲ್ಲ, ಫ್ರೆಶ್ ಆಗಿ ಕಾಣ್ತಾರೆ, ಅವರು ಹೋಗಲಿ,” ಎಂದು ಮೇಡಂ ತೋರಿಸಿದ್ದು ಇಡೀ ದಿನ ಮಲಗಿ ಆಗಷ್ಟೇ ಮುಖ ತೊಳೆದು ಬಂದ ಸುಕೇಶನನ್ನು.

ಶರಣು ತಡೆಯಲಾರದೆ ಮುಂದೆ ಬಂದ. “ಸಾಹೇಬ್ರ, ನಾ ಮೇಡಮ್ಮರ ಜೋಡಿ ಎರಡು ಮಾತಾಡ್ತೀನ್ರಿ.”

“ಆಡು, ಆಡು,” ಎಂದು ಸಾಹೇಬರು ಬಹಳ ಪ್ರೀತಿಯಿಂದ ದಾರಿ ಬಿಟ್ಟರು. ರಿಮೋಟು ಅವರ ಕೈಯಲ್ಲಿತ್ತು.

ಶರಣು ಟೀವಿಯ ಮುಂದೆ ಕೈ ಜೋಡಿಸಿ ನಿಂತು, ಜೀವಮಾನದಲ್ಲೇ ಆಡದಷ್ಟು ಚೆನ್ನಾಗಿ ಮಾತಾಡಿದ. ಹನ್ನೊಂದು ವರ್ಷದ ನಸುಕುಗಳನ್ನು ಹೇಳಿದ. ಮಗಳು ಬರೆದ ಚಿತ್ರವನ್ನು ಹೇಳಿದ. ತನಗೆ ಜನರೇಟರಿನ ಗಂಧಗಾಳಿಯೂ ಗೊತ್ತಿಲ್ಲ, ಅದನ್ನು ಚಾಲೂ ಮಾಡಿದ್ದು ಚಮನಸಾಬ, ವೈರು ಹೇಳಿಕೊಟ್ಟದ್ದು ಸುಕೇಶ್, ವಾಡಾಕ್ಕೆ ಆ ಸುಕೇಶನನ್ನೇ ಕಳಿಸಿರೆಂದು ಬೇಡಿಕೊಂಡ. ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲಿ ನೀರು ಬಂತು. ಚಂಪಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ತೆರೆಯ ಮೇಲೆ ಅನುರಾಧಾ ಮೇಡಮ್ಮರ ಮುಖವೂ ಕರಗಿತು. ಅವರು ಮತ್ತೆ ಮತ್ತೆ ತಲೆದೂಗಿದರು, ನಕ್ಕರು.

“ಸಾಕು ಶರಣು, ಸಾಕು. ಅಷ್ಟೆಲ್ಲ ಕೈ ಮುಗಿದು ಥ್ಯಾಂಕ್ಸ್ ಹೇಳೋದು ಬೇಡ. ಅದು ನಿಮ್ಮ ಯೋಗ್ಯತೆ. ಆಲ್ ದ ಬೆಸ್ಟ್!” ಎಂದು ಕೈ ಬೀಸಿದರು. ತೆರೆ ಕಪ್ಪಾಯಿತು.

ಶರಣು ಕಣ್ಣೊರೆಸಿಕೊಳ್ಳುತ್ತಾ ಅಲ್ಲೇ ನಿಂತಿದ್ದ. ಥ್ಯಾಂಕ್ಸ್ ಯಾಕೆ ಬಂತೆಂದು ತಿಳಿಯಲಿಲ್ಲ. ಸುಭಾಷ ಸಾಹೇಬರು ರಿಮೋಟನ್ನು ಮೇಜಿನ ಮೇಲಿಟ್ಟು, ಅವನ ಬೆನ್ನು ತಟ್ಟಿ, “ಛಂದ ಮಾತಾಡಿದಿ,” ಎಂದು ಹೊರಗೆ ನಡೆದರು.

ಚಮನಸಾಬ ಪಕ್ಕಕ್ಕೆ ಬಂದು ನಿಂತ. ಗಡ್ಡ ತುರಿಸಿಕೊಂಡ.

“ಶರಣೂ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ ಬೇಟಾ. ನೀ ಮಾತಾಡೂಮುಂದ ಟೀವಿ ಮ್ಯಾಲ ಮೈಕಿನ ಚಿತ್ರಕ್ಕ ಒಂದು ಕೆಂಪ ಗೆರಿ ಎಳದಿತ್ತಲ್ಲ, ಅದು ಏನಂತ?”